ಪಾರ್ಸೆಲ್ ದಾರಿ ತಪ್ಪಿದರೆ ಹೊಣೆ ಯಾರದು?



ಧಾರವಾಡದಲ್ಲಿರುವ ಅಮ್ಮನಿಗೆಂದು ನೀವು ಮುಂಬೈಯಿಂದ ಆನ್‌ಲೈನ್‌ನಲ್ಲಿ ಮಿಕ್ಸರ್ ಕೊಂಡಿರಿ ಎನ್ನೋಣ. ‘ತಲುಪಿಸಲಾಗಿದೆ’ ಎಂಬ ಸಂದೇಶ ಬಂತು, ಮಿಕ್ಸರ್ ಮಾತ್ರ ಬರಲಿಲ್ಲ! ಮಾರಿದವರು ‘ಕೊರಿಯರ್‌ನವರನ್ನು ಕೇಳಿ’ ಅಂತಾರೆ, ಕೊರಿಯರ್‌ನವರು ‘ಮಾರಿದವರನ್ನು ಕೇಳಿ’ ಅಂತಾರೆ. ನೀವು ಯಾರನ್ನು ಕೇಳಬೇಕು?

ಮೊದಲು ಆರ್ಡರ್‌ನಲ್ಲಿರುವ ವಿಳಾಸ ನೋಡಿ. ಮನೆ ನಂಬರನ್ನು ನೀವೇ ತಪ್ಪಾಗಿ ಬರೆದಿದ್ದರೆ ಹೊಣೆ ನಿಮ್ಮದೇ. ‘ವಾಚ್‌ಮನ್ ಕೈಗೆ ಕೊಡಿ’ ಎಂದು ನೀವೇ ಹೇಳಿದ್ದರೂ ಅಷ್ಟೇ. ವಿಳಾಸ ಸರಿಯಿದ್ದರೆ ಮಾರಿದವರನ್ನೂ ಆರ್ಡರ್ ಪಡೆದ ವೆಬ್‌ಸೈಟನ್ನೂ ಹಿಡಿಯಿರಿ. ನೀವು ದುಡ್ಡು ಕೊಟ್ಟದ್ದು ಅವರಿಗೆ, ಕೊರಿಯರ್ ಆರಿಸಿದ್ದೂ ಅವರೇ. ಕೊರಿಯರ್‌ನವರ ಲೆಕ್ಕ ಅವರೇ ನೋಡಿಕೊಳ್ಳಲಿ.

ತಡಮಾಡದೆ ಬರಹದಲ್ಲಿ ದೂರು ಕೊಡಿ. ಪಾರ್ಸೆಲನ್ನು ಯಾರು, ಯಾವಾಗ ಪಡೆದರು ಎಂಬುದಕ್ಕೆ ಪುರಾವೆ ಕೇಳಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದಿದೆಯೆಂದು ಕಂಪನಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಆಗಲೂ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು! ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಊರಿನಲ್ಲೇ, ಅಂದರೆ ಮುಂಬೈಯಲ್ಲೇ, ದೂರು ಹಾಕಬಹುದು. ಕಂಪನಿಯ ಊರಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಗಡುವು 2 ವರ್ಷ.

ಅಲ್ಲಿಯವರೆಗೆ ಬಿಲ್ಲು, ಆರ್ಡರ್ ನಂಬರು, ಬಂದ ಮೆಸೇಜು ಯಾವುದನ್ನೂ ಅಳಿಸಬೇಡಿ. ನಾಳೆ ನಿಮ್ಮ ಪರವಾಗಿ ಮಾತಾಡುವುದು ಅವೇ.