ಹಗ್ಗ ಎಳೆದರೂ ಎಂಜಿನ್ ಹಿಡಿಯದಿದ್ದಾಗ

ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಹುಲ್ಲು ಹೆರೆಯುವ ಮೆಷಿನ್ ಈಗ ಕತ್ತಿ, ಹಾರೆಯಷ್ಟೇ ಸಾಮಾನ್ಯ. ಆದರೆ ಅದಕ್ಕೆ ಕೆಲಸವಿರುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ತಿಂಗಳೆಲ್ಲ ಅರ್ಧ ಟ್ಯಾಂಕ್ ಪೆಟ್ರೋಲ್ ತುಂಬಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿರುತ್ತದೆ. ಅದು ಹೆಚ್ಚಾಗಿ ಕೆಡುವುದು ಹೀಗೆ ನಿಂತಲ್ಲೇ. ಮಳೆ ಬಿಟ್ಟ ಮೇಲೆ ಹೊರಗೆ ತಂದು ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ಟ್ಯಾಂಕಿನೊಳಗಿನ ಪೆಟ್ರೋಲನ್ನು.

ಇಂಥ ಮೆಷಿನ್ನಿನ ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಹಾಕಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲ್ಲೇ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಕೊಡಬೇಕು. ಹಾಗಾಗಿ ಪೆಟ್ರೋಲ್ ಸರಿಯಾಗಿ ಬರದಿದ್ದರೆ ಶಕ್ತಿ ಕುಂದುವುದಷ್ಟೇ ಅಲ್ಲ, ಆಯಿಲ್ಲೂ ಕಡಿಮೆಯಾಗಿ ಎಂಜಿನ್ ಕಾದು ಸೀಜ್ ಆಗಬಹುದು. ಇಂಧನದ ಸಣ್ಣ ತೊಂದರೆಯನ್ನು ‘ಹೇಗೋ ಓಡುತ್ತದಲ್ಲ’ ಎಂದು ಬಿಡಬಾರದು ಎನ್ನುವುದು ಇದಕ್ಕೇ.

ಈಗಿನ ಪೆಟ್ರೋಲಿನ ಗುಣವೂ ಬದಲಾಗಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಹುತೇಕ ಬಂಕ್‌ಗಳಲ್ಲಿ ಸಿಗುವುದು ಅದೇ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಆಯಿಲ್ ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ. ಎಂಜಿನ್ನಿಗೆ ಇಂಧನ ಎಳೆಯುವ ಕೊಳವೆಯ ತುದಿ ಇರುವುದು ಟ್ಯಾಂಕಿನ ತಳದಲ್ಲಿ, ಹಾಗಾಗಿ ಮೊದಲು ಒಳಗೆ ಹೋಗುವುದು ಆಯಿಲ್ ಇಲ್ಲದ ಆ ಪದರವೇ. ನಮ್ಮ ಕಡೆಯ ಜೂನ್–ಜುಲೈ ತಿಂಗಳ ಹವೆಯಲ್ಲಿ ಹೀಗೆ ಬೇರ್ಪಡುವ ಸಾಧ್ಯತೆ ಹೆಚ್ಚು. ಪರೀಕ್ಷೆ ಸುಲಭ: ಟ್ಯಾಂಕಿನಲ್ಲಿದ್ದದ್ದನ್ನು ಗಾಜಿನ ಬಾಟಲಿಗೆ ಬಗ್ಗಿಸಿ, ಒಂದು ರಾತ್ರಿ ಅಲುಗಿಸದೆ ಇಡಿ. ತಳದಲ್ಲಿ ಬೇರೆಯೇ ಪದರ ಕಂಡರೆ, ಅಥವಾ ವಾರ್ನಿಶ್‌ನಂಥ ಹುಳಿ ವಾಸನೆ ಬಂದರೆ, ಅದನ್ನು ಮತ್ತೆ ಮೆಷಿನ್ನಿಗೆ ಹಾಕಬೇಡಿ. ಹೊಸ ಪೆಟ್ರೋಲ್ ಸೇರಿಸಿ ಹಳೆಯದನ್ನು ಉಳಿಸಿಕೊಳ್ಳುವ ಆಸೆಯೂ ಬೇಡ.

ಪೆಟ್ರೋಲ್ ಹೊಸದಾದರೂ ಎಂಜಿನ್ ಹಿಡಿಯದಿದ್ದರೆ ಪ್ಲಗ್ ಬಿಚ್ಚಿ ತುದಿ ನೋಡಿ. ಒಣಗಿದ್ದರೆ ಪೆಟ್ರೋಲ್ ಅಲ್ಲಿಯವರೆಗೆ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಅತಿಯಾಗಿ ಬಂದು ಕಟ್ಟಿಕೊಂಡಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಕಟ್ಟಿಕೊಂಡಿದ್ದರೆ ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಹಿಡಿದು, ಪ್ಲಗ್ ಇಲ್ಲದೆಯೇ ನಾಲ್ಕಾರು ಸಲ ಹಗ್ಗ ಎಳೆದರೆ ಹೆಚ್ಚಿನದು ಹೊರಗೆ ಚಿಮ್ಮುತ್ತದೆ. ಮುಖ ದೂರವಿರಲಿ, ಬೀಡಿ, ಒಲೆ ಹತ್ತಿರ ಬೇಡ, ಪ್ಲಗ್ ವೈರನ್ನೂ ಆ ತೂತಿನಿಂದ ದೂರ ಸರಿಸಿಡಿ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುವ ದಾರಿಯನ್ನೇ ಟ್ಯಾಂಕಿನಿಂದ ಹುಡುಕುತ್ತ ಬರಬೇಕು. ಬಾಗಿಸಿದ ತಂತಿಯಿಂದ ಟ್ಯಾಂಕಿನೊಳಗಿನ ಕೊಳವೆಯನ್ನು ಮೇಲೆತ್ತಿ. ತುದಿಯ ಫಿಲ್ಟರ್ ಕಪ್ಪಾಗಿ ಜಿಗುಟಾಗಿದ್ದರೆ ಬದಲಿಸುವುದೇ ಸರಿ, ಅದರ ಬೆಲೆ ಅಲ್ಪ. ಕೊಳವೆಯನ್ನು ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಕಾರ್ಬೊರೇಟರಿನ ಕೆಳಗಿನ ರಬ್ಬರ್ ಬಲ್ಬನ್ನು ಒತ್ತಿದರೂ ಬಹಳಷ್ಟು ತಿಳಿಯುತ್ತದೆ. ಎಷ್ಟು ಒತ್ತಿದರೂ ಗುಳ್ಳೆಗಳೇ ಬರುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಒತ್ತಿದ ಬಲ್ಬ್ ಮತ್ತೆ ಉಬ್ಬದಿದ್ದರೆ ಪೆಟ್ರೋಲ್ ಬರುವ ಕೊಳವೆಯೋ ಫಿಲ್ಟರೋ ಕಟ್ಟಿದೆ.

ಇನ್ನೊಂದು ತೊಂದರೆ ಬಹಳ ಜನರನ್ನು ಗ್ಯಾರೇಜಿಗೆ ಅಲೆದಾಡಿಸುತ್ತದೆ. ಮೆಷಿನ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಆರಲು ಬಿಟ್ಟರೆ ಮತ್ತೆ ಓಡುತ್ತದೆ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ನಿಧಾನ ಸಡಿಲಿಸಿ. ಗಾಳಿ ‘ಸುಸ್’ ಎಂದು ಒಳಗೆ ಹೋಗಿ, ಆಮೇಲೆ ಎಂಜಿನ್ ಹಿಡಿದರೆ ಟ್ಯಾಂಕಿಗೆ ಗಾಳಿಯಾಡುವ ಸಣ್ಣ ಕಿಂಡಿ ಮುಚ್ಚಿದೆ ಎಂದರ್ಥ. ಅದನ್ನು ಶುಚಿ ಮಾಡಿದರೆ ಸಾಕು.

ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದೊಡನೆ ನಿಲ್ಲುವುದು ಪೆಟ್ರೋಲ್ ಸಾಲುತ್ತಿಲ್ಲವೆಂಬುದರ ಗುರುತು. ಫಿಲ್ಟರ್, ಕೊಳವೆ ಸರಿಯಿದ್ದರೆ ಕಾರ್ಬೊರೇಟರ್ ಬಿಚ್ಚಬೇಕು. ಮೆಷಿನ್ನನ್ನು ಹೇಗೆ ವಾಲಿಸಿದರೂ ಓಡಬೇಕಾದ್ದರಿಂದ ಇಂಥವುಗಳ ಕಾರ್ಬೊರೇಟರಿನಲ್ಲಿ ಬೈಕಿನಂತೆ ತೇಲುವ ಫ್ಲೋಟ್ ಸಾಮಾನ್ಯವಾಗಿ ಇರುವುದಿಲ್ಲ. ತೆಳು ಪೊರೆಯಂಥ ಡಯಾಫ್ರಮ್ ಇರುತ್ತದೆ. ಅದು ಮೃದುವಾಗಿರಬೇಕು. ಗಡುಸಾಗಿ, ಮುಟ್ಟಿದರೆ ಸದ್ದು ಮಾಡುವಂತಿದ್ದರೆ ಕೆಲಸ ಮಾಡದು. ಒಳಗಿನ ಚಿಕ್ಕ ಜಾಲರಿಯಲ್ಲೂ ಅಂಟು ಕಟ್ಟಿರಬಹುದು. ಪೆಟ್ರೋಲಿನ ಪ್ರಮಾಣ ಹೊಂದಿಸುವ ಎಲ್ ಮತ್ತು ಎಚ್ ಸ್ಕ್ರೂಗಳನ್ನು ಮಾತ್ರ ಮೊದಲೇ ತಿರುಗಿಸಬೇಡಿ. ನಿನ್ನೆವರೆಗೆ ಸರಿಯಿದ್ದ ಸ್ಕ್ರೂ ತಾನಾಗಿ ಕೆಡುವುದು ಅಪರೂಪ. ಎಚ್ ಸ್ಕ್ರೂ ಬಿಗಿಯಾದಷ್ಟೂ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಸುಡುವ ಅಪಾಯ ಹೆಚ್ಚು.

ಮಿಶ್ರಣದ ಅಳತೆ ಕಂಪನಿಯ ಕೈಪಿಡಿಯಂತೆಯೇ ಇರಲಿ. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಆಯಿಲ್, 40:1 ಆದರೆ 25, 25:1 ಆದರೆ 40. ಅಳತೆ ಪಾತ್ರೆಯಿಲ್ಲದಿದ್ದರೆ ಸೂಜಿ ತೆಗೆದ ಸಿರಿಂಜ್ ಸಾಕು. ಮುಚ್ಚಳದ ಅಂದಾಜು ಬೇಡ. ಒಂದು ತಿಂಗಳಿಗೆ ಬೇಕಾದಷ್ಟೇ ಬೆರೆಸಿ, ಪೆಟ್ರೋಲಿಗೆಂದೇ ಮಾಡಿದ ಕ್ಯಾನಿನಲ್ಲಿಡಿ. ನೀರಿನ ಬಾಟಲಿಯಲ್ಲಿಟ್ಟರೆ ಬಾಯಾರಿದ ಮಗುವೋ ಕೆಲಸದವರೋ ನೀರೆಂದು ಕುಡಿದುಬಿಡಬಹುದು. ಕೆಲಸ ಮುಗಿದು ಮೆಷಿನ್ ಒಳಗಿಡುವ ದಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಹಳೆಯ ಮಿಶ್ರಣವನ್ನು ತೋಟದ ಮಣ್ಣಿಗೋ ಬಾವಿಯ ಕಟ್ಟೆಯ ಬಳಿಗೋ ಚೆಲ್ಲಬೇಡಿ, ಗ್ಯಾರೇಜಿನವರನ್ನು ಕೇಳಿ ಅವರಿಗೆ ಒಪ್ಪಿಸಿ.

ಇಷ್ಟೆಲ್ಲ ಸರಿಯಿದ್ದು, ಹಗ್ಗ ಎಳೆದಾಗ ಕೈಗೆ ತಡೆಯೇ ಸಿಗದೆ ಸಲೀಸಾಗಿ ಬರುತ್ತಿದ್ದರೆ ದೋಷ ಪೆಟ್ರೋಲಿನದಲ್ಲ. ರಿಂಗ್ ಅಥವಾ ಸಿಲಿಂಡರ್ ಸವೆದು ಕಂಪ್ರೆಶನ್ ಹೋಗಿರುತ್ತದೆ, ಅದನ್ನು ಮೆಕ್ಯಾನಿಕ್ಕೇ ಬಿಚ್ಚಿ ನೋಡಬೇಕು.