‘ಉಡಾಳ’ ಎನ್ನುವ ಮುನ್ನ

ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು ಮರ್ಕಟಕ್ಕೆ ಹೋಲಿಸಿ ನಿವೇದಿಸಿಕೊಂಡಿದ್ದಾರೆ. ಮನಸ್ಸು ಎಲ್ಲರದೂ ಚಂಚಲವೇ. ಆದರೆ ಕೆಲವು ಮಕ್ಕಳಲ್ಲಿ ಈ ಚಂಚಲತೆ ವಯಸ್ಸಿಗೆ ಮೀರಿದ್ದು, ಓದು, ಊಟ, ಗೆಳೆತನ ಯಾವುದರಲ್ಲಿಯೂ ನೆಲೆನಿಲ್ಲಗೊಡುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಇಂಥ ಮಗುವಿಗೆ ಮೊದಲು ದೊರೆಯುವುದು ‘ಉಡಾಳ’ ಎಂಬ ಹೆಸರು. ಅದರ ಹಿಂದೆಯೇ ಪೆಟ್ಟು. ವೈದ್ಯಶಾಸ್ತ್ರ ಇದನ್ನು ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಎನ್ನುತ್ತದೆ. ಇದು ನಡತೆಗೇಡಲ್ಲ, ಮಿದುಳಿನ ಬೆಳವಣಿಗೆಯಲ್ಲಿನ ಭೇದ ಎಂಬುದನ್ನು ತಾಯಿತಂದೆಯರೂ ಶಿಕ್ಷಕರೂ ಅರಿಯುವುದು ಅವಶ್ಯ.

ಲಕ್ಷಣಗಳು

ಈ ತೊಂದರೆಗೆ ಮೂರು ಮುಖಗಳಿವೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು, ಪಾಟಿ ಪುಸ್ತಕ ಕಳೆಯುವುದು, ಹೇಳಿದ್ದನ್ನು ಮರೆಯುವುದು ಅವಧಾನದ ಕೊರತೆ. ಕುಳಿತಲ್ಲಿ ಕೂಡದಿರುವುದು, ಸದಾ ಓಡುವುದು, ಹತ್ತುವುದು ಅತಿಚಟುವಟಿಕೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವುದು, ಸರದಿ ಕಾಯದಿರುವುದು, ಹಿಂದುಮುಂದು ನೋಡದೆ ಮುನ್ನುಗ್ಗುವುದು ಆವೇಗ. ಕೆಲವರಲ್ಲಿ ಮೂರೂ ಇರುತ್ತವೆ. ಕೆಲವರಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಮೊದಲನೆಯದೇ ಪ್ರಧಾನ. ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯನ್ನು ‘ಮಂಕು’ ಎಂದು ಬಿಟ್ಟುಬಿಡುತ್ತೇವೆ. ಆಕೆಯ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

“ಮೊಬೈಲನ್ನು ಎರಡು ತಾಸು ಅಲುಗದೆ ನೋಡುತ್ತಾನೆ, ಗಮನವಿಲ್ಲವೆಂದರೆ ಹೇಗೆ?” ಎಂದು ಪಾಲಕರು ಕೇಳುವುದುಂಟು. ಗಮನವೇ ಇಲ್ಲವೆಂದಲ್ಲ, ಅದನ್ನು ಬೇಕಾದ ಕಡೆಗೆ ತಿರುಗಿಸಿ ನಿಲ್ಲಿಸುವ ಶಕ್ತಿ ದುರ್ಬಲ. ಕ್ಷಣಕ್ಷಣಕ್ಕೂ ಹೊಸದನ್ನು ತೋರಿಸುವ ಪರದೆಗೆ ಆ ಶಕ್ತಿಯ ಅಗತ್ಯವೇ ಇಲ್ಲ. ಮಗ್ಗಿ ಬರೆಯುವುದಕ್ಕೆ ಇದೆ.

1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸ ನೀಡಿದ್ದರು. ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇದೆಯೆಂಬ ಅಂದಾಜಿದೆ. ಹಾಗೆ ನೋಡಿದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಆನುವಂಶಿಕತೆಯ ಪಾತ್ರ ಇದರಲ್ಲಿ ದೊಡ್ಡದು. ಅವಧಿಗೆ ಮುನ್ನ ಜನಿಸಿದ, ಕಡಿಮೆ ತೂಕದ ಶಿಶುಗಳಲ್ಲಿ ಸಂಭವ ಹೆಚ್ಚು. ತಾಯಿಯ ಮುದ್ದಾಗಲಿ, ದೃಷ್ಟಿಯಾಗಲಿ, ಗ್ರಹಚಾರವಾಗಲಿ ಇದಕ್ಕೆ ಕಾರಣವಲ್ಲ.

ನಿರ್ಣಯ ಹೇಗೆ?

ರಕ್ತಪರೀಕ್ಷೆ ಅಥವಾ ಸ್ಕ್ಯಾನಿಂಗ್‌ನಿಂದ ಇದನ್ನು ಗುರುತಿಸಲಾಗದು. ಲಕ್ಷಣಗಳು 12 ವರ್ಷಕ್ಕಿಂತ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಮುಂದುವರಿದಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಬಾಧಿಸುತ್ತಿರಬೇಕು. ಕಿವಿ ಮಂದವಾದ, ದೃಷ್ಟಿದೋಷವಿರುವ, ರಕ್ತಹೀನತೆಯಿರುವ, ನಿದ್ದೆಗೆಟ್ಟ ಅಥವಾ ಮನೆಯ ಜಗಳದಿಂದ ಅಂಜಿದ ಮಗುವೂ ಹೀಗೆಯೇ ಕಾಣಬಹುದು. ಆದ್ದರಿಂದ ಇವೆಲ್ಲವನ್ನೂ ಮೊದಲು ಪರಿಶೀಲಿಸುವುದು ವೈದ್ಯಧರ್ಮ.

ಆಯುರ್ವೇದದ ದೃಷ್ಟಿ

ಚರಕ ಸಂಹಿತೆಯ ಸೂತ್ರಸ್ಥಾನದ 20ನೆಯ ಅಧ್ಯಾಯವು 80 ವಾತವಿಕಾರಗಳನ್ನು ಹೇಳುವಾಗ ‘ಅನವಸ್ಥಿತ ಚಿತ್ತತ್ವ’ವನ್ನು, ಅಂದರೆ ಚಿತ್ತ ನೆಲೆನಿಲ್ಲದಿರುವುದನ್ನು, ಸೇರಿಸಿದೆ. ಎರಡೂ ಒಂದೇ ಎಂದು ಸಾಧಿಸಹೊರಡುವುದು ಸರಿಯಲ್ಲ. ಆದರೆ ಮನಸ್ಸನ್ನು ಅಹಿತ ವಿಷಯಗಳಿಂದ ಹಿಂದೆಗೆಯುವ ಸತ್ತ್ವಾವಜಯ ಚಿಕಿತ್ಸೆ ಹಾಗೂ ನಿಯತ ದಿನಚರಿಯ ಉಪದೇಶ ಇಲ್ಲಿ ಉಪಯುಕ್ತ. ಹೊತ್ತಿಗೆ ಸರಿಯಾದ ಊಟ, ಸಾಕಷ್ಟು ನಿದ್ದೆ, ಎಣ್ಣೆಸ್ನಾನ, ಬಯಲಿನ ಆಟ ಮಗುವಿನ ಆರೋಗ್ಯಕ್ಕೆ ಹಿತಕರ. ಬ್ರಾಹ್ಮಿ ಮೊದಲಾದ ಮೇಧ್ಯ ದ್ರವ್ಯಗಳಿಂದ ಈ ತೊಂದರೆ ವಾಸಿಯಾಗುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂಬುದನ್ನು ಆಯುರ್ವೇದ ವೈದ್ಯರೇ ಸ್ಪಷ್ಟವಾಗಿ ಹೇಳಬೇಕು. ತಜ್ಞರು ಮೀಥೈಲ್‌ಫೆನಿಡೇಟ್‌ನಂಥ ಔಷಧಿ ಬರೆದಿದ್ದರೆ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಅದರಿಂದ ಹಸಿವು, ನಿದ್ದೆ ಕಡಿಮೆಯಾಗಬಹುದಾದ್ದರಿಂದ ತೂಕ, ಎತ್ತರ, ರಕ್ತದೊತ್ತಡಗಳ ನಿಗಾ ಅಗತ್ಯ. ತೀರ ಚಿಕ್ಕ ಮಕ್ಕಳಲ್ಲಿ ಔಷಧಿಗಿಂತ ಮೊದಲು ಪಾಲಕರಿಗೆ ತರಬೇತಿ ನೀಡಲಾಗುತ್ತದೆ.

ಮನೆ ಮತ್ತು ಶಾಲೆ

“ಕೈಕಾಲು ತೊಳೆದು, ಅಂಗಿ ಬದಲಿಸಿ, ಪುಸ್ತಕ ತೆಗೆದು ಕೂಡು” ಎಂದರೆ ಈ ಮಗು ಮೊದಲನೆಯದರಲ್ಲಿಯೇ ದಾರಿ ತಪ್ಪುತ್ತದೆ. ಹತ್ತಿರ ಹೋಗಿ, ಮುಖ ನೋಡಿ, ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. ಅದನ್ನು ಮಾಡಿದೊಡನೆ ಮೆಚ್ಚಿರಿ. ರವಿವಾರ ಕೊಡುವ ಬಹುಮಾನ ಈ ಮಗುವಿಗೆ ಬಹಳ ದೂರ. ಮನೆಪಾಠವನ್ನು ಹತ್ತು ಹದಿನೈದು ನಿಮಿಷಗಳ ತುಣುಕುಗಳಾಗಿ ಮಾಡಿ, ನಡುವೆ ಎದ್ದು ಓಡಾಡಲು ಬಿಡಿರಿ.

ಶಿಕ್ಷಕರು ಅಂಥ ಮಗುವನ್ನು ಕಿಟಕಿ ಬಾಗಿಲುಗಳಿಂದ ದೂರ, ಮುಂದಿನ ಸಾಲಿನಲ್ಲಿ ಕೂಡ್ರಿಸಬೇಕು. ಫಲಕ ಒರೆಸುವುದು, ಪುಸ್ತಕ ಹಂಚುವುದು ಅದರ ಪಾಲಿಗಿರಲಿ. ಮಠದ ದಾಸೋಹದಲ್ಲಿ ನೀರು ಬಡಿಸುವಂಥ ಕೆಲಸ ಕೊಟ್ಟರೆ ಓಡಾಟವೇ ಕಾಯಕವಾಗುತ್ತದೆ. ದೈಹಿಕ ದಂಡನೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. ಪೆಟ್ಟು ಅವಧಾನವನ್ನು ಬೆಳೆಸುವುದಿಲ್ಲ, ಶಾಲೆಯನ್ನೇ ಬಿಡಿಸುತ್ತದೆ.

ಅಪಾಯದ ಅರಿವು ತಡವಾಗಿ ಬರುವುದರಿಂದ ಕೆನಾಲು, ಬಾವಿ, ಕಬ್ಬಿನ ಟ್ರ್ಯಾಕ್ಟರುಗಳ ಹತ್ತಿರ ಇಂಥ ಮಗುವಿನ ಕೈ ಬಿಡಬಾರದು. ಭರತ ಹುಣ್ಣಿಮೆಯ ಯಲ್ಲಮ್ಮನ ಜಾತ್ರೆಯಂಥ ಜನದಟ್ಟಣೆಗೆ ಹೋಗುವಾಗ ಅಂಗಿಯ ಕಿಸೆಯಲ್ಲಿ ಪಾಲಕರ ಫೋನ್ ಸಂಖ್ಯೆಯ ಚೀಟಿ ಇರಲಿ.

ಅನೇಕರಲ್ಲಿ ಈ ತೊಂದರೆ ಪ್ರೌಢ ವಯಸ್ಸಿನಲ್ಲಿಯೂ ಉಳಿಯುತ್ತದೆ. ಮಗನ ಲಕ್ಷಣಗಳನ್ನು ಕೇಳುತ್ತ ತಂದೆ ತನ್ನದೇ ಬಾಲ್ಯವನ್ನು ಗುರುತಿಸುವುದೂ ಉಂಟು. ದೊಡ್ಡವರಿಗೂ ಚಿಕಿತ್ಸೆ ಇದೆ.

ಎಲ್ಲಿ ತೋರಿಸಬೇಕು?

2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿ, ಸರಕಾರಿ ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವುಗಳ ಪಟ್ಟಿಯಲ್ಲಿ ಎ.ಡಿ.ಎಚ್.ಡಿ. ಕೂಡ ಇದೆ. ಮನೋವೈದ್ಯರು ಬರುವ ದಿನವನ್ನು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ಕಿತ್ತೂರಿನಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹರಕೆ ಹೊತ್ತವರು ತೀರಿಸಲಿ, ಅದರ ನೆಪದಲ್ಲಿ ತಪಾಸಣೆಯನ್ನು ಮುಂದೂಡಬಾರದು. ಮನೆಯಲ್ಲಿಯೂ ಶಾಲೆಯಲ್ಲಿಯೂ ದಿನವಿಡೀ ಬೈಗುಳ ಕೇಳುವ ಮಗು ತಾನು ಕೆಟ್ಟವನೆಂದೇ ನಂಬಿಬಿಡುತ್ತದೆ. ಆ ನಂಬಿಕೆ ಬೇರೂರುವ ಮೊದಲೇ ಅದರ ಕಷ್ಟವನ್ನು ಅರಿತು ಕೈಹಿಡಿಯುವುದು ನಮ್ಮೆಲ್ಲರ ಕರ್ತವ್ಯ.