ಐದರಲ್ಲಿ ಎರಡು ಪಾಲು ಕೇಳಿದ ಯಂತ್ರಕಾರ

ನಮ್ಮೂರಿಗೆ ಅಡಿಕೆ ಸುಲಿಯುವ ಯಂತ್ರ ಬಾಡಿಗೆಗೆ ಬಂದ ಮೊದಲ ವರ್ಷ. ಅಂಗಳದಲ್ಲಿ ಇಳಿಸುವ ಮೊದಲೇ ನಾನು ಕೇಳಿದ್ದು, ‘ಕಿಲೋಗೆ ಎಷ್ಟು?’ ರೇಟು ಕೇಳಿದ ನೆರೆಯವರು ಮೆಲ್ಲನೆ, ‘ಒಳಗೆ ಹೇಗುಂಟೂಂತ ನೋಡಿಟ್ಟುಕೊಳ್ಳಿ. ನಮ್ಮ ವೆಲ್ಡಿಂಗ್ ಶಾಪಿನವನೇ ಮಾಡಿಕೊಟ್ಟಾನು’ ಅಂದರು. ಆಗ ನೆನಪಾದವನು ಅಮೆರಿಕದ ಎಲೈ ವಿಟ್ನಿ, ಹತ್ತಿಯ ಜಿನ್ ಮಾಡಿ ಹೆಸರಾದವ.

ವಿಟ್ನಿ ಹುಟ್ಟಿದ್ದು 1765ರಲ್ಲಿ, ಮ್ಯಾಸಚೂಸೆಟ್ಸಿನ ಕೃಷಿಕರ ಮನೆಯಲ್ಲಿ. ಕಾಲೇಜು ಮುಗಿಸಿ ಪಾಠ ಹೇಳುವ ಕೆಲಸಕ್ಕೆಂದು ದಕ್ಷಿಣಕ್ಕೆ ಹೋದ. ಜಾರ್ಜಿಯಾದಲ್ಲಿ ಕ್ಯಾಥರೀನ್ ಗ್ರೀನ್ ಎಂಬ ವಿಧವೆಯ ತೋಟದಲ್ಲಿ ಉಳಿದುಕೊಂಡ. ಅಲ್ಲಿ ಎಲ್ಲರದ್ದೂ ಒಂದೇ ಗೋಳು. ಒಳನಾಡಿನಲ್ಲಿ ಬೆಳೆಯುವ ಹತ್ತಿಯ ಬೀಜಕ್ಕೆ ಎಳೆ ಅಂಟಿಕೊಂಡೇ ಇರುತ್ತದೆ. ನಮ್ಮ ದೇಶದಲ್ಲಿ ಹಿಂದಿನಿಂದ ಇದ್ದಂಥ ಎರಡು ಉರುಳೆಯ ರಾಟೆ ಅದಕ್ಕೆ ಸಾಲದು. ಕೈಯಲ್ಲಿ ಬಿಡಿಸಿದರೆ ಒಬ್ಬರಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಅರಳೆ.

1793ರಲ್ಲಿ ವಿಟ್ನಿ ಮಾಡಿದ ಯಂತ್ರ ಬಹಳ ಸರಳ. ಮರದ ಉರುಳೆಗೆ ತಂತಿಯ ಹಲ್ಲು. ಎದುರಿಗೆ ಕಿರಿದಾದ ಸೀಳುಗಳು. ಹಲ್ಲು ಎಳೆಯನ್ನು ಸೀಳಿನಾಚೆ ಎಳೆಯುತ್ತದೆ, ಬೀಜ ತೂರದೆ ಈಚೆ ಉಳಿಯುತ್ತದೆ. ಹಿಂದೆ ತಿರುಗುವ ಬ್ರಶ್ ಹಲ್ಲಿಗಂಟಿದ ಅರಳೆ ಬಿಡಿಸುತ್ತದೆ. ಕೈಯಲ್ಲಿ ತಿರುಗಿಸಿದರೂ ದಿನಕ್ಕೆ 50 ಪೌಂಡ್! 1794ರಲ್ಲಿ ಪೇಟೆಂಟೂ ಸಿಕ್ಕಿತು.

ಎಡವಿದ್ದು ವ್ಯಾಪಾರದಲ್ಲಿ. ವಿಟ್ನಿ ಮತ್ತು ಪಾಲುದಾರ ಮಿಲ್ಲರ್ ಯಂತ್ರ ಮಾರಲಿಲ್ಲ, ತಾವೇ ಬಿಡಿಸಿಕೊಡುತ್ತೇವೆ ಎಂದರು. ಬೀಜಸಹಿತ ಐದು ಪೌಂಡ್ ಹತ್ತಿ ಕೊಟ್ಟರೆ ಒಂದು ಪೌಂಡ್ ಅರಳೆ ವಾಪಸ್. ಲೆಕ್ಕ ಹಾಕಿದರೆ ಐದರಲ್ಲಿ ಎರಡು ಪಾಲು ಯಂತ್ರದವರಿಗೆ! ಬೆಳೆಗಾರ ಸುಮ್ಮನಿದ್ದಾನೆಯೇ? ಊರೂರಿನ ಕಮ್ಮಾರರು ನಕಲು ಮಾಡಿದರು. ಕೆಲವರು ತಂತಿಯ ಬದಲು ಗರಗಸದ ಚಕ್ರ ಹಾಕಿ ಇನ್ನಷ್ಟು ಚೆನ್ನಾಗಿಯೇ ಮಾಡಿದರು. ಸಾಲದ್ದಕ್ಕೆ 1795ರಲ್ಲಿ ವಿಟ್ನಿಯ ಕಾರ್ಖಾನೆ ಸುಟ್ಟುಹೋಯಿತು. 1797ರಲ್ಲಿ ಕಾನೂನಿನ ಮಾತಿನ ಸಂದಿಯಿಂದಾಗಿ ಕೇಸು ಸೋತ. 1807ರಲ್ಲಿ ಗೆದ್ದ, ಆದರೆ ಅದೇ ವರ್ಷ ಪೇಟೆಂಟಿನ ಅವಧಿ ತೀರಿತು. ಹಣ ಮಾಡಿದ್ದೆಲ್ಲ ಆಮೇಲೆ, ಸರಕಾರಕ್ಕೆ ಬಂದೂಕು ಮಾಡಿಕೊಟ್ಟು. 1825ರಲ್ಲಿ ತೀರಿಕೊಂಡ.

ನಕಲು ಮಾಡಿದ ಬೆಳೆಗಾರರ ಪರ ನನ್ನ ಮನಸ್ಸು ವಾಲುತ್ತದೆ, ಸುಳ್ಳು ಯಾಕೆ. ಆದರೆ ಅವರೂ ಸಾಚಾ ಅಲ್ಲ. ಯಂತ್ರ ಬಂದರೆ ಆಳಿನ ಕಷ್ಟ ತಗ್ಗುತ್ತದೆ ಅಂತ ನಾವು ತಿಳಿಯುತ್ತೇವೆ. ಅಲ್ಲಿ ಆದದ್ದು ತಿರುಗಾಮುರುಗಾ. ಬಿಡಿಸುವ ತೊಡಕು ನೀಗಿದ್ದೇ ತಡ, ಇಂಗ್ಲೆಂಡಿನ ಮಿಲ್ಲುಗಳಿಗಾಗಿ ಕಾಡು ಕಡಿದು ಹತ್ತಿ ಹಾಕಿದರು. ಕೀಳುವುದು ಮಾತ್ರ ಕೈಯಿಂದಲೇ, ಅದೂ ಗುಲಾಮರ ಕೈಯಿಂದ. 1790ರಲ್ಲಿ ಏಳು ಲಕ್ಷದಷ್ಟಿದ್ದ ಗುಲಾಮರು 1860ಕ್ಕೆ ಸುಮಾರು ನಲವತ್ತು ಲಕ್ಷ.

ಗರಗಸದ ಜಿನ್ ನಮ್ಮ ಧಾರವಾಡಕ್ಕೂ ಬಂತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅಲ್ಲಿ ಅಮೆರಿಕದ ಹತ್ತಿ ಬೆಳೆಸಿತು. ‘ಸಾ-ಜಿನ್ಡ್ ಧಾರವಾಡ’ ಎಂಬ ಹೆಸರಲ್ಲೇ ಅದು ಲಿವರ್‌ಪೂಲಿನಲ್ಲಿ ಮಾರಾಟವಾಗುತ್ತಿತ್ತು.

ನಮ್ಮಂಗಳದ ಯಂತ್ರ ಸಂಜೆಯೊಳಗೆ ಕೆಲಸ ಮುಗಿಸಿತು. ವರ್ಷಗಳಿಂದ ನಮ್ಮಲ್ಲಿ ಅಡಿಕೆ ಸುಲಿಯುತ್ತಿದ್ದಾಕೆ ನೋಡಲು ಬಂದಿದ್ದರು. ಯಂತ್ರ ಅರ್ಧ ಸುಲಿದು ಬಿಟ್ಟದ್ದನ್ನೆಲ್ಲ ಬುಟ್ಟಿಗೆ ತುಂಬಿ, ‘ಮೆಟ್ಟುಕತ್ತಿ ಎಲ್ಲಿಟ್ಟಿದ್ದೀರಿ?’ ಅಂತ ಕೇಳಿದರು.